ಇಸ್ತ್ರಿ ಹಾಕಿದ ನೆಲ

ಹೊಸ ಫಿರಂಗಿ ಶೆಲ್ಲಿನ ಪರೀಕ್ಷೆಯಲ್ಲಿ ಅರವತ್ತಕ್ಕೆ ಅರವತ್ತೂ ಸಿಡಿದಿದ್ದವು. ವರದಿಯ ಕೊನೆಯ ಹಾಳೆಯಲ್ಲಿ ಮಾಪನ ವಿಭಾಗದ ಮುಖ್ಯಸ್ಥೆಯಾದ ನನ್ನ ಸಹಿಯೊಂದೇ ಬಾಕಿ. ಅದು ಬಿದ್ದರೆ ಸೋಮವಾರ ಕಾರ್ಖಾನೆಗೆ ಆದೇಶ ಹೋಗುತ್ತಿತ್ತು. ಶುಕ್ರವಾರ ಸಂಜೆ ನಿರ್ದೇಶಕರು ನನ್ನ ಮೇಜಿನ ಹತ್ತಿರ ಬಂದು, "ಇನ್ನೇನು ಕಾಯ್ತಾ ಇದೀರಿ, ಮುಹೂರ್ತವಾ?" ಎಂದು ನಕ್ಕು ಹೋದರು.

ನನಗೆ ಅನುಮಾನವೇನೂ ಇರಲಿಲ್ಲ. ಯಾವ ವರದಿಗಾದರೂ ಒಂದೆರಡು ದಿನ ಬಿಟ್ಟು ಸಹಿ ಹಾಕುವುದು ನನ್ನ ಅಭ್ಯಾಸ, ಅಷ್ಟೆ.

ಶನಿವಾರ ಬೆಳಿಗ್ಗೆ ಅಂಗಡಿಯಿಂದ ಒಂದು ತಟ್ಟೆ ಮೊಟ್ಟೆ ತಂದೆ. ಹಿತ್ತಲಲ್ಲಿ ಅಮ್ಮ ಸೊಪ್ಪಿನ ಬೀಜ ಹಾಕಲು ಮಡಿ ಅಗೆದು, ಹೆಂಟೆ ಒಡೆದು ಮುಗಿಸಿದ್ದಳು. ಬಾಗಿಲು ತೆಗೆಯಲು ಹೋದಾಗ ತಟ್ಟೆ ವಾಲಿ ಒಂದು ಮೊಟ್ಟೆ ಮಡಿಯೊಳಗೆ ಬಿತ್ತು.

"ಕೈಗೆ ಎಣ್ಣೆ ಹಚ್ಕೊಂಡು ಬಂದಿದೀಯಾ?" ಎಂದಳು ಅಮ್ಮ.

ಎತ್ತಿ ನೋಡಿದೆ. ಒಂದು ಬಿರುಕೂ ಇರಲಿಲ್ಲ. ಅದನ್ನೇ ಅದೇ ಎತ್ತರದಿಂದ ಕಲ್ಲುಹಾಸಿನ ಮೇಲೆ ಬಿಟ್ಟೆ. ಒಡೆಯಿತು. ಇನ್ನೊಂದನ್ನು ಮಡಿಯಲ್ಲಿ ಬಿಟ್ಟೆ. ಒಡೆಯಲಿಲ್ಲ. ಮೂರನೆಯದಕ್ಕೆ ಕೈ ಹಾಕುವಷ್ಟರಲ್ಲಿ ಅಮ್ಮ ತಟ್ಟೆ ಕಿತ್ತುಕೊಂಡಳು.

"ಏನೇ, ತಲೆಗಿಲೆ ಕೆಟ್ಟಿದೆಯಾ? ಇಷ್ಟು ವರ್ಷ ಓದಿಸಿದ್ದು ಮೊಟ್ಟೆ ಒಡೆಯೋಕಾ?"

ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಶೆಲ್ಲನ್ನು ಸಿಡಿಸುವುದು ಅದರ ಮೂತಿಯಲ್ಲಿರುವ ಫ್ಯೂಸ್; ಅದು ಕೆಲಸ ಮಾಡಬೇಕಾದರೆ ನೆಲಕ್ಕೆ ತಗುಲಿದಾಗ ಗಟ್ಟಿಯಾದ ಪೆಟ್ಟು ಬೀಳಬೇಕು. ನಮ್ಮ ಮೈದಾನದಲ್ಲಿ ಅದು ಖಂಡಿತ ಬೀಳುತ್ತದೆ. ಏಕೆಂದರೆ ದಿನದ ಪರೀಕ್ಷೆ ಮುಗಿದ ಮೇಲೆ ಗುಂಡಿಗಳನ್ನೆಲ್ಲ ಮುಚ್ಚಿ, ನೀರು ಚಿಮುಕಿಸಿ, ರೋಲರ್ ಓಡಿಸುತ್ತೇವೆ. ನೆಲ ಒಂದೇ ಸಮ ಇದ್ದರೆ ಮಾರನೆಯ ದಿನದ ಗುಂಡಿ ಅಳೆಯುವುದೂ ಚೂರು ಹೆಕ್ಕುವುದೂ ಸುಲಭ. ವರ್ಷಗಳಿಂದ ಹೀಗೆ ಉರುಳಿ ಉರುಳಿ ಆ ನೆಲ ಗಾರೆ ಹಾಕಿದಂತಾಗಿದೆ. ಎಂಟು ವರ್ಷದ ಹಿಂದೆ ಪರೀಕ್ಷಾ ನಿಯಮಾವಳಿಗೆ 'ನೆಲ ಸಮತಟ್ಟಾಗಿ, ಗಟ್ಟಿಯಾಗಿ ಇರತಕ್ಕದ್ದು' ಎಂಬ ವಾಕ್ಯ ಸೇರಿಸಿದವಳು ನಾನೇ. ಅಳತೆಗೆ ಅನುಕೂಲವಾಗಲೆಂದು ಬರೆದಿದ್ದೆ.

ಗುಟ್ಟಿನ ವಿವರ ಬಿಟ್ಟು, ಮೆತ್ತನೆ ಮಣ್ಣಲ್ಲಿ ಬಿದ್ದರೆ ಶೆಲ್ ಸಿಡಿಯದೇ ಉಳಿಯಬಹುದೆಂದು ಅಮ್ಮನಿಗೆ ಹೇಳಿದೆ. ಅವಳು ಕೈಯ ಮಣ್ಣು ಕೊಡವುತ್ತ ಕೇಳಿದಳು: "ಸಿಡಿಯದಿದ್ರೆ ಒಳ್ಳೇದೇ ಅಲ್ವೇನೇ? ಯಾರೋ ಒಬ್ಬರು ಉಳ್ಕೋತಾರೆ."

"ಅವತ್ತು ಉಳೀತಾರಮ್ಮ. ಅದು ಮಣ್ಣೊಳಗೆ ಹಾಗೇ ಕೂತಿರತ್ತೆ. ಯುದ್ಧ ಮುಗೀತು ಅಂತ ಅದಕ್ಕೆ ಯಾರು ಹೇಳ್ತಾರೆ? ಹತ್ತು ವರ್ಷ ಬಿಟ್ಟು ನಿನ್ನಂಥವಳು ಸೊಪ್ಪು ಹಾಕೋಕೆ ಅಗೀತಾಳೆ."

ಅಮ್ಮ ಗುದ್ದಲಿಯ ಕಡೆಗೊಮ್ಮೆ ನೋಡಿದಳು. "ಮಾಡೋದೇ ಬೇಡ ಅಂದ್ರೆ?"

ಅದು ನನ್ನ ಒಂದು ಸಹಿಯಿಂದ ತೀರ್ಮಾನವಾಗುವ ಮಾತಾಗಿರಲಿಲ್ಲ. ಆದರೆ ಆ ಹಾಳೆಗೆ ಸಹಿ ಹಾಕಬಾರದೆಂಬುದಂತೂ ಸ್ಪಷ್ಟವಾಗಿತ್ತು.

ಸೋಮವಾರ ನಿರ್ದೇಶಕರ ಕೋಣೆಗೆ ಹೋಗಿ, ಮೈದಾನವನ್ನು ಉತ್ತು ಮೆತ್ತನೆಯ ನೆಲದಲ್ಲಿ ಇನ್ನೊಮ್ಮೆ ಪರೀಕ್ಷಿಸಬೇಕೆಂದೆ.

"ಅರವತ್ತಕ್ಕೆ ಅರವತ್ತು ಬಂದ ಮೇಲೆ ನಿಮಗೆ ಹೊಲ ಉಳೋ ಆಸೆ ಬಂತಾ?" ಎಂದರು.

"ಯುದ್ಧದಲ್ಲಿ ಶೆಲ್ ಬೀಳೋದು ಹೊಲದಲ್ಲೇ ಅಲ್ವಾ ಸರ್? ನೆಲಕ್ಕೆ ರೋಲರ್ ಹೊಡೆದು ಯಾರೂ ಕಾಯ್ತಾ ಇರಲ್ಲ."

"ಆ ನಿಯಮ ಬರೆದೋರು ಯಾರು?"

"ನಾನೇ ಸರ್."

"ತಪ್ಪಾಯ್ತು ಅಂತ ಬರೆದು ಕೊಡ್ತೀರಾ?"

"ತಂದಿದೀನಿ." ಹಾಳೆಯನ್ನು ಮೇಜಿನ ಮೇಲಿಟ್ಟೆ.

ಅವರು ಎರಡು ಸಲ ಓದಿ, ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಇಪ್ಪತ್ತು ಶೆಲ್. ಇಪ್ಪತ್ತೊಂದನೇದು ಕೇಳಬೇಡಿ."

ಇನ್ನುಳಿದದ್ದು ರೋಲರ್ ಓಡಿಸುವವನನ್ನು ಒಪ್ಪಿಸುವುದು. ಮೈದಾನವನ್ನು ಅಷ್ಟು ನುಣುಪಾಗಿ ಇಡುತ್ತಾನೆಂದು ಎಲ್ಲರೂ ಅವನನ್ನು ಇಸ್ತ್ರಿಯಣ್ಣ ಎಂದೇ ಕರೆಯುತ್ತಿದ್ದರು.

"ಇಪ್ಪತ್ತೆರಡು ವರ್ಷ ನೆಲಾನ ಕನ್ನಡಿ ಥರ ಇಟ್ಟಿದೀನಿ ಮೇಡಂ. ಈಗ ಕೆದರು ಅಂತೀರಲ್ಲ! ಮನೆ ಒರೆಸಿದೋಳಿಗೆ ಕಸ ಚೆಲ್ಲು ಅಂದ ಹಾಗಾಯ್ತು."

"ತಪ್ಪು ನಿಮ್ಮದಲ್ಲ ಅಣ್ಣ, ನನ್ನದು."

"ಯಾರದಾದ್ರೇನು, ಕೆದರೋನು ನಾನೇ ತಾನೆ?"

ಮುಖ ಊದಿಸಿಕೊಂಡೇ ಅವನು ಎರಡು ದಿನ ಟ್ರ್ಯಾಕ್ಟರ್ ಓಡಿಸಿ ಮೊಣಕಾಲುದ್ದ ಉತ್ತ.

ಗುರುವಾರ ಮೈದಾನದಂಚಿನ ಕಾಂಕ್ರೀಟಿನ ಕೋಣೆಯಲ್ಲಿ ಕೂತು ಎಣಿಸಿದೆವು. ಮೊದಲ ಹತ್ತು ಸಿಡಿದವು. ನಿರ್ದೇಶಕರು ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ಹನ್ನೊಂದನೆಯದು ಬಿದ್ದಾಗ ಮಣ್ಣು ತುಸು ಎದ್ದು ಕೂತಿತು. ಸದ್ದಿಲ್ಲ. ಹದಿನಾಲ್ಕನೆಯದೂ ಹಾಗೇ. ಹತ್ತೊಂಬತ್ತನೆಯದೂ ಹಾಗೇ. ನನಗೆ ಗೆದ್ದೆನೆಂದು ಅನಿಸಲಿಲ್ಲ. ಅರವತ್ತರ ವರದಿ ಕಣ್ಣ ಮುಂದೆ ಬಂತು.

ನಿಯಮದಂತೆ ಎರಡು ಗಂಟೆ ಕಾದ ಮೇಲೆ ಶೋಧಕ ತಂಡದವರು ಹೋದರು. ಮಣ್ಣು ಕುಸಿದು, ಹೊಕ್ಕ ತೂತುಗಳೇ ಮುಚ್ಚಿಹೋಗಿದ್ದವು. ಜಾಗ ಗುರುತಿಸಿರದಿದ್ದರೆ ಸಿಗುತ್ತಲೇ ಇರಲಿಲ್ಲ. ಮೂರನ್ನೂ ಇದ್ದಲ್ಲೇ ಸಿಡಿಸಿದರು. ಮೂರನೆಯ ಸದ್ದು ಅಡಗಿದ ಮೇಲೆ ಇಸ್ತ್ರಿಯಣ್ಣ ಮೆಲ್ಲಗೆ, "ಇದರ ಮೇಲೆ ಮತ್ತೆ ನೇಗಿಲು ಬಿದ್ದಿದ್ರೆ..." ಎಂದ.

ನಿರ್ದೇಶಕರು ಹಳೆಯ ವರದಿಯ ಕೊನೆಯ ಹಾಳೆಯನ್ನು ನನ್ನೆದುರಿಗೇ ಹರಿದರು. "ಫ್ಯೂಸ್ ವಿಭಾಗದವರು ಇನ್ನು ಆರು ತಿಂಗಳು ನಿಮ್ಮ ಜೊತೆ ಊಟಕ್ಕೆ ಕೂರಲ್ಲ."

"ಆಗಲಿ ಸರ್, ಕಿಟಕಿ ಪಕ್ಕದ ಜಾಗ ನನಗೇ ಸಿಗತ್ತೆ."

ಅವರು ನಕ್ಕುಬಿಟ್ಟರು. ಆ ಸಂಜೆ ನಿಯಮಾವಳಿಯಲ್ಲಿ ನನ್ನ ವಾಕ್ಯ ಹೊಡೆದು ಹಾಕಿ, ಉತ್ತ ನೆಲದಲ್ಲೂ ಪರೀಕ್ಷಿಸತಕ್ಕದ್ದು ಎಂದು ಬರೆದೆ. ಬಹಳ ದಿನದ ಮೇಲೆ ಹಗುರಾಗಿ ಮನೆಗೆ ನಡೆದುಕೊಂಡೇ ಹೋದೆ.

ಹೊಸ ಫ್ಯೂಸ್ ಬರಲು ಎಂಟು ತಿಂಗಳು ಹಿಡಿಯಿತು. ಪರೀಕ್ಷೆಯ ದಿನ ಬೆಳಿಗ್ಗೆ ಮೈದಾನಕ್ಕೆ ಹೋದರೆ ಅರ್ಧ ಕನ್ನಡಿಯಂತಿತ್ತು. ಇನ್ನರ್ಧವನ್ನು ಗೆರೆ ಎಳೆದ ಹಾಗೆ ಉತ್ತು, ಹೆಂಟೆ ಒಡೆದು ಹುಡಿ ಮಾಡಲಾಗಿತ್ತು. ಇಸ್ತ್ರಿಯಣ್ಣ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ.

"ಹೇಗಿದೆ ಮೇಡಂ? ಹತ್ತಿ ಹಾಸಿಗೆ!"

"ನೋಡಿದ್ರೆ ಗೊತ್ತಾಗಲ್ಲ, ಅಳೀಬೇಕು," ಎಂದು ಚೀಲದಿಂದ ಬಟ್ಟೆಯಲ್ಲಿ ಸುತ್ತಿದ ಮೊಟ್ಟೆ ತೆಗೆದೆ. ಒಂದೇ ಒಂದು ಎಂದು ಗದರಿ ಅಮ್ಮ ಕೊಟ್ಟದ್ದು.

ಎದೆಯೆತ್ತರದಿಂದ ಬಿಟ್ಟೆ. ಅದು ಸದ್ದಿಲ್ಲದೆ ಮಣ್ಣಲ್ಲಿ ಕೂತಿತು. ಇಸ್ತ್ರಿಯಣ್ಣ ಬಗ್ಗಿ ಎತ್ತಿಕೊಂಡು, ಎಲ್ಲ ಕಡೆ ತಿರುಗಿಸಿ ನೋಡಿ, ಮಣ್ಣು ಒರೆಸಿ ನನ್ನ ಕೈಗಿಟ್ಟ.

"ನಂದು ಪಾಸು. ಇನ್ನು ನಿಮ್ಮದು ನೋಡೋಣ ನಡೀರಿ," ಎಂದು ಕಾಂಕ್ರೀಟಿನ ಕೋಣೆಯ ಕಡೆ ಹೊರಟ.