ಮೂರು ಸಲ ಮುಂದೆ ಹೋದ ಪಂದ್ಯ

ಬೋರಲು ಹಾಕಿದ ಸ್ಟೀಲ್ ತಟ್ಟೆಯ ಮೇಲೆ ಫೋನು ಝರ್ ಎಂದಿತು. ಸಣ್ಣ ಸದ್ದಿಗೂ ಎಚ್ಚರವಾಗಲಿ ಎಂದು ನಾನೇ ಅದನ್ನು ಅಲ್ಲಿಡುತ್ತೇನೆ. ಶನಿವಾರ ರಾತ್ರಿ ಹನ್ನೊಂದೂ ನಲವತ್ತು. ನೋಡುವ ಮೊದಲೇ ಗೊತ್ತಾಯಿತು, ನಾಳೆಯ ಪಂದ್ಯ ಮುಂದೆ ಹೋಯಿತು ಎಂದು.

"ಅಕ್ಕಾರ, ಗಾಡಿ ಸಿಗವಲ್ದು. ನಾಳಿ ರಾಮದುರ್ಗದ ಮ್ಯಾಚ್ ಮುಂದಕ್ಕ ಹಾಕ್ರಿ." ಕಳಿಸಿದವನು ಹಣಮಂತಪ್ಪ, ಕಿತ್ತೂರು ತಂಡದ ಕೋಚ್.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕು ಊರುಗಳ ಮಕ್ಕಳ ಫುಟ್‌ಬಾಲ್ ಲೀಗ್ ನಮ್ಮದು. ಹನ್ನೆರಡು ವರ್ಷದೊಳಗಿನವರು, ಏಳೇಳು ಮಕ್ಕಳ ತಂಡ, ರವಿವಾರಕ್ಕೆ ಎರಡು ಪಂದ್ಯ. ನನ್ನ ಮಗ ಕೌಶಿಕ ಬೈಲಹೊಂಗಲದ ತಂಡದಲ್ಲಿದ್ದಾನೆ. ಎಂ.ಎ. ಓದಿದವರು, ಅಕ್ಷರ ಚಂದ ಇದೆ ಎಂದು ವೇಳಾಪಟ್ಟಿಯ ಕೆಲಸ ನನಗೆ ಬಂತು. ಪಂದ್ಯ ಮುಂದೂಡಬೇಕಾದರೆ ಶನಿವಾರ ಮಧ್ಯರಾತ್ರಿಯೊಳಗೆ ನನಗೆ ತಿಳಿಸಬೇಕು. ನಾನು ರಿಜಿಸ್ಟರಿನಲ್ಲಿ ಕಾರಣ ಬರೆದು ಹೊಸ ದಿನ ಕೊಡುತ್ತೇನೆ. ಒಂದೇ ಪಂದ್ಯವನ್ನು ಮೂರು ಸಲ ಮುಂದೂಡಬಹುದು. ನಾಲ್ಕನೆಯದಕ್ಕೆ ಸಮಿತಿಯ ಮುಂದೆ ವಿಚಾರಣೆ.

ಇನ್ನೊಂದು ನಿಯಮವನ್ನು ನಾನೇ ಹಟ ಹಿಡಿದು ಸೇರಿಸಿದ್ದೆ. ಪ್ರತಿ ತಂಡದಲ್ಲೂ ಒಬ್ಬ ಹುಡುಗಿಯಾದರೂ ಮೈದಾನದಲ್ಲಿರಬೇಕು. ಅಧ್ಯಕ್ಷರಾದ ಪಾಂಡುರಂಗ ಸರ್, ನಿವೃತ್ತ ಪಿ.ಟಿ. ಮಾಸ್ತರರು, ಅಂದೇ ಹೇಳಿದ್ದರು: "ಹಾಳಿ ಮ್ಯಾಲ ಬರಿಯೂದು ಸಸಾರ ಐತ್ರಿ ಪ್ರಿಯಂವದಾ ಅವರ. ಒಂದ್ ವರ್ಷ ನೋಡತೇನಿ. ಲಫಡಾ ಏನರ ಆತಂದ್ರ ನಿಮ್ಮ ನಿಯಮ ತಗದ್ ಹಾಕತೇನಿ."

ಅವತ್ತು ನಿದ್ದೆ ಬರಲಿಲ್ಲ. ಕಿತ್ತೂರು–ರಾಮದುರ್ಗ ಪಂದ್ಯ ಮುಂದೆ ಹೋದದ್ದು ಅದು ಮೂರನೆಯ ಸಲ. ರಿಜಿಸ್ಟರ್ ತೆಗೆದೆ. ಒಟ್ಟು ಹತ್ತು ಮುಂದೂಡಿಕೆಗಳಲ್ಲಿ ಒಂಬತ್ತು ಈ ಎರಡೇ ಊರಿನವು. ಕಾರಣಗಳಿಗೇನೂ ಬರವಿರಲಿಲ್ಲ: ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಪಲ್ಟಿ, ಯಾರದೋ ಮದುವೆ, ಗಣಿತ ಪರೀಕ್ಷೆ, ಆರು ಮಕ್ಕಳಿಗೆ ಒಟ್ಟಿಗೇ ಹೊಟ್ಟೆನೋವು. ಕೌಶಿಕನ ಬಣ್ಣದ ಪೆನ್ಸಿಲ್ ತೆಗೆದುಕೊಂಡು, ಕಿತ್ತೂರು ಆಡಿದ ರವಿವಾರಗಳಿಗೆ ಕೆಂಪು, ರಾಮದುರ್ಗ ಆಡಿದವಕ್ಕೆ ನೀಲಿ ಹಚ್ಚಿದೆ. ಎರಡೂ ಬಣ್ಣ ಬಿದ್ದ ರವಿವಾರ ಒಂದೂ ಇರಲಿಲ್ಲ. ತೊಂಬತ್ತು ಕಿಲೋಮೀಟರ್ ದೂರದ ಎರಡು ಊರುಗಳು ಒಂದೇ ದಿನ ಆಡಲಾರವು ಎಂದರೆ ಏನರ್ಥ?

ಮುಂದಿನ ರವಿವಾರ ಬೈಲಹೊಂಗಲಕ್ಕೆ ಕಿತ್ತೂರು ಬರಬೇಕಿತ್ತು, ಸವದತ್ತಿಗೆ ರಾಮದುರ್ಗ. ನಾನಂದುಕೊಂಡಂತೆಯೇ ಕಿತ್ತೂರು ಬರಲಿಲ್ಲ. ಕೌಶಿಕನನ್ನು ಮನೆಯಲ್ಲಿ ಬಿಟ್ಟು ಸವದತ್ತಿಯ ಬಸ್ ಹತ್ತಿದೆ.

ರಾಮದುರ್ಗದ ಗೋಲಿನಲ್ಲಿ ಒಬ್ಬ ಹುಡುಗಿ ನಿಂತಿದ್ದಳು. ಅವಳ ಕೈಗಳನ್ನು ನೋಡಿ ನೀರಿನ ಬಾಟಲಿಯ ಮುಚ್ಚಳ ತೆಗೆಯುತ್ತಿದ್ದ ನಾನು ಹಾಗೇ ನಿಂತೆ. ಗ್ಯಾರೇಜಿನವರು ಹಾಕುವ ಕಿತ್ತಳೆ ಬಣ್ಣದ ರಬ್ಬರ್ ಗ್ಲೌಸ್, ಎಡಗೈ ಹೆಬ್ಬೆರಳಿಗೆ ಸುತ್ತಿದ ಕಪ್ಪು ಇನ್ಸುಲೇಷನ್ ಟೇಪ್. ಒಂದೂವರೆ ತಿಂಗಳ ಹಿಂದೆ ಇದೇ ಕೈಗಳು ನಮ್ಮೂರಲ್ಲಿ ಕೌಶಿಕನ ಪೆನಾಲ್ಟಿ ತಡೆದಿದ್ದವು. ನಾವು ಒಂದು ಗೋಲಿನಿಂದ ಸೋತೆವು, ಅವನು ರಾತ್ರಿ ಊಟ ಮಾಡಲಿಲ್ಲ. ಅಂದು ಅವಳು ಕಿತ್ತೂರಿನ ಗೋಲಿನಲ್ಲಿದ್ದಳು. ತಂಡದ ಹಾಳೆಯಲ್ಲಿ ಹೆಸರು ಫಿರದೋಸ್ ಎಂದಿತ್ತು.

ಅರ್ಧ ಆಟ ಮುಗಿದಾಗ ಅವಳು ಕಂಬಕ್ಕೆ ಒರಗಿ ಕುಳಿತಿದ್ದಳು. ಹತ್ತಿರ ಹೋದೆ.

"ನಿನ್ನ ಹೆಸರೇನವಾ?"

"ಇವತ್ತೇನ್ರಿ?" ಎಂದು ನಾಲಗೆ ಕಚ್ಚಿಕೊಂಡಳು. "ಸಿಮ್ರನ ರೀ."

"ಮತ್ತ ಫಿರದೋಸ್ ಯಾರು?"

"ನಮ್ಮ ಕಾಕಾನ ಮಗಳ್ರಿ. ಕಿತ್ತೂರಾಗ ಇರತಾಳ. ಆಕಿಗೆ ಚೆಂಡ್ ಕಂಡ್ರ ಅಂಜಿಕಿ."

"ಆಕಿ ಆಧಾರ್ ಕಾರ್ಡ್ ಕೊಟ್ಟೀರಿ?"

"ಐದ್ ವರ್ಷದಾಕಿದ್ದಾಗಿನ ಫೋಟೋ ಐತ್ರಿ ಅದರಾಗ. ಆಕಿನೂ ಹಂಗ ಇಲ್ಲ, ನಾನೂ ಹಂಗ ಇಲ್ಲ."

ನಗು ಬಂತು, ನುಂಗಿಕೊಂಡೆ. ಉಳಿದದ್ದನ್ನು ಅವಳೇ ಹೇಳಿದಳು. ಅಪ್ಪ ಬಡೇಸಾಬನದು ಕಿತ್ತೂರಿನ ಹೈವೇ ಬದಿಯಲ್ಲಿ ಗ್ಯಾರೇಜು. ಅವ್ವ, ಅಜ್ಜಿ, ಶಾಲೆ ಎಲ್ಲ ರಾಮದುರ್ಗದಲ್ಲಿ. ಒಂದು ಶನಿವಾರ ಬಿಟ್ಟು ಒಂದು ಶನಿವಾರ ಅಪ್ಪನ ಹತ್ತಿರ ಹೋಗುತ್ತಾಳೆ. ಎರಡೂ ತಂಡಕ್ಕೆ ಹುಡುಗಿ ಸಿಗಲಿಲ್ಲವಂತೆ. ಕೋಚ್‌ಗಳಿಬ್ಬರೂ ಶಾಲೆಯ ಗೆಳೆಯರು, ಫೋನಿನಲ್ಲೇ ಮಾತಾಡಿಕೊಂಡು ಇವಳನ್ನು ಹಂಚಿಕೊಂಡಿದ್ದರು.

"ಮತ್ತ ಕಿತ್ತೂರು–ರಾಮದುರ್ಗದ ಮ್ಯಾಚು?"

"ಒಂದ್ ಹಾಫ್ ಆ ಕಡೆ ನಿಂದರತೇನಿ, ಒಂದ್ ಹಾಫ್ ಈ ಕಡೆ ನಿಂದರತೇನಿ ಅಂದೆ. ಸರ್ ಬೈದ್ರು." ಗ್ಲೌಸಿನ ಟೇಪನ್ನು ಕೀಳುತ್ತ ಕೇಳಿದಳು, "ನನ್ನ ತಗದ್ ಹಾಕ್ತೀರೇನ್ರಿ ಟೀಚರ್?"

ಸೀಟಿ ಕೇಳಿಸಿತು. ಅವಳು ಉತ್ತರಕ್ಕೆ ಕಾಯದೆ ಓಡಿದಳು.

ಬಸ್ಸಿನಲ್ಲಿ ನಿಯಮಗಳ ಹಾಳೆಯನ್ನು ಎರಡು ಸಲ ಓದಿದೆ. ಸುಳ್ಳು ಹೆಸರಿನಲ್ಲಿ ಆಡಿದವರಿಗೆ ವರ್ಷವಿಡೀ ನಿಷೇಧ. ಸಮಿತಿಗೆ ತಿಳಿಸಿದರೆ ಸಿಮ್ರನ ಎರಡೂ ಕಡೆಯಿಂದ ಹೊರಗೆ. ಪಾಂಡುರಂಗ ಸರ್‌ಗೆ ಬೇಕಾದ ಲಫಡಾ ಸಿಕ್ಕಂತಾಗುತ್ತದೆ, ನನ್ನ ನಿಯಮವೂ ಹೋಗುತ್ತದೆ, ಅದರೊಂದಿಗೆ ಉಳಿದ ಹುಡುಗಿಯರೂ. ತಿಳಿಸಿದರೆ ಬೈಲಹೊಂಗಲ ಸೋತ ಪಂದ್ಯದ ಅಂಕಗಳು ನಮಗೆ ಬರುತ್ತವೆ ಎಂಬುದೂ ಹೊಳೆಯಿತು. ನಿಜ ಹೇಳಬೇಕೆಂದರೆ ಎಲ್ಲಕ್ಕಿಂತ ಮೊದಲು ಹೊಳೆದದ್ದು ಅದೇ.

ಮನೆ ಮುಟ್ಟಿ ಹಣಮಂತಪ್ಪನಿಗೆ ಫೋನ್ ಮಾಡಿದೆ.

"ರಾಮದುರ್ಗದ ಮ್ಯಾಚು ಇವತ್ತಿಗೆ ಹದಿನೈದನೇ ದಿನಕ್ಕ, ಬೈಲಹೊಂಗಲದಾಗ. ಇನ್ನ ಮುಂದ ಹೋಗೂದಿಲ್ಲ."

"ನೋಡೂಣ್ರಿ ಅಕ್ಕಾರ, ಗಾಡಿದು..."

"ಗಾಡಿ ನಾನು ಕಳಸತೇನಿ. ನೀವು ಒಬ್ಬ ಹುಡುಗಿನ್ನ ಕರಕೊಂಡು ಬರ್ರಿ. ಹೆಸರೂ ಆಕಿದ, ಆಧಾರೂ ಆಕಿದ ಇರಬೇಕು."

ಅವನು ದನಿ ತಗ್ಗಿಸಿದ.

"ಪಾಂಡುರಂಗ ಸರ್‌ಗೆ ಗೊತ್ತೈತೇನ್ರಿ?"

"ನಿಮ್ಮೂರಾಗ ಹುಡಿಗ್ಯಾರ ಇಲ್ಲೇನು?"

"ಅದಾರ್ರಿ. ಮನಿಯವರು ಕಳಸಂಗಿಲ್ಲ."

"ಎಷ್ಟ್ ಮನಿಯಾಗ ಕೇಳೀರಿ?"

ಅವನು ಮತ್ತೆ ಗಾಡಿಯ ಮಾತು ತೆಗೆದ. "ನಿಮ್ಮ ಮನಿಯಾಗ ಕೇಳೀರೇನು?" ಎಂದೆ. "ಇಡತೇನ್ರಿ" ಎಂದು ಫೋನ್ ಇಟ್ಟ.

ಆ ಹದಿನೈದು ದಿನ ಶನಿವಾರವಲ್ಲದ ರಾತ್ರಿಗಳಲ್ಲೂ ಫೋನು ತಟ್ಟೆಯ ಮೇಲೆಯೇ ಇತ್ತು. ಈ ಪಂದ್ಯದ ಬಗ್ಗೆ ಅದು ಸದ್ದು ಮಾಡಲಿಲ್ಲ.

ಆ ರವಿವಾರ ಕಿತ್ತೂರಿಗೆ ನಾನು ಕಳಿಸಿದ್ದ ಕ್ರೂಸರ್ ಗಾಡಿ ಬಂದು ನಿಂತಿತು. ಇಳಿಯುವವರನ್ನು ಎಣಿಸಿದೆ. ಆರು ಹುಡುಗರು. ಅವರ ಹಿಂದೆ, ಎಣ್ಣೆ ಹಚ್ಚಿ ಮಡಚಿ ಕಟ್ಟಿದ ಎರಡು ಜಡೆ, ಮೊಣಕಾಲು ದಾಟಿದ ದೊಡ್ಡವರ ಕಾಲುಚೀಲ. "ನನ್ನ ಮಗಳ್ರಿ, ಮಾಲಾ," ಎಂದ ಹಣಮಂತಪ್ಪ, ನನ್ನ ಕಡೆ ನೋಡದೆ. "ಮುಂಜಾನಿಂದ ತಲಿ ತಿನ್ನಾಕತ್ತಾಳ, ಮೊದಲ ಯಾಕ ಕೇಳಲಿಲ್ಲ ಅಂತ."

ಅವಳ ಆಧಾರ್ ಪ್ರತಿಯನ್ನು ಎರಡು ಸಲ ನೋಡಿ ಹಾಳೆಗೆ ಪಿನ್ ಮಾಡಿದೆ.

ಮಾಲಾಳಿಗೆ ಚೆಂಡು ನಾಲ್ಕು ಸಲ ಸಿಕ್ಕಿತು, ಅದರಲ್ಲಿ ಒಂದು ಸಲ ಮುಖಕ್ಕೆ. ಅತ್ತ ರಾಮದುರ್ಗದ ಗೋಲಿನಲ್ಲಿದ್ದ ಸಿಮ್ರನಳಿಗೆ ತಾನು ಯಾವ ಕಡೆಯವಳೆಂಬುದೇ ನಡುನಡುವೆ ಮರೆಯುತ್ತಿತ್ತು. ಕಿತ್ತೂರಿನವರು ಚೆಂಡು ತಂದರೆ ಕೂಗುತ್ತಿದ್ದಳು: "ಏ ವಾಸೀಮ್, ಒಬ್ಬನ ಓಡಬ್ಯಾಡಲೇ! ತೌಹೀದಗ ಕೊಡ!" ವಾಸೀಮ್ ಮಾತು ಕೇಳಿ ತೌಹೀದನಿಗೆ ಕೊಟ್ಟ. ತೌಹೀದ ಗೋಲು ಹೊಡೆದ. ರಾಮದುರ್ಗದ ಹುಡುಗರು ಅವಳ ಮೇಲೆ ಹರಿಹಾಯ್ದರು.

ಪಾಂಡುರಂಗ ಸರ್ ನನ್ನ ಪಕ್ಕದ ಕುರ್ಚಿಯಲ್ಲಿದ್ದರು. ಕನ್ನಡಕ ಮೇಲೇರಿಸಿದರು.

"ಈ ಹುಡುಗಿಗೆ ಕಿತ್ತೂರು ಹುಡುಗೂರ ಹೆಸರು ಹೆಂಗ ಗೊತ್ತ್ರಿ?"

ಸುಳ್ಳು ಹೇಳಲು ನನಗೆ ಬರುವುದಿಲ್ಲ. ಖರೇ ಹೇಳಿದರೆ ಗೋಲಿನ ಎದುರಿನ ಆ ಕಿತ್ತಳೆ ಕೈಗಳು ನಾಳೆಯಿಂದ ಇರುವುದಿಲ್ಲ.

"ಆಕಿ ಭಾಳ ಲಕ್ಷ್ಯ ಕೊಟ್ಟು ಆಡತಾಳ್ರಿ ಸರ್."

"ಅದು ಖರೇ," ಎಂದರು. ಸ್ವಲ್ಪ ಹೊತ್ತು ಅವಳನ್ನೇ ನೋಡಿದರು, ಆಮೇಲೆ ಚಹಾದವನನ್ನು ಕರೆದರು.

ಪಂದ್ಯ ಸಮನಾಯಿತು. ಗಾಡಿ ಹತ್ತುವ ಮೊದಲು ಸಿಮ್ರನ ನನ್ನ ಹತ್ತಿರ ಬಂದಳು. "ಇನ್ನ ಮ್ಯಾಲ ಸಿಮ್ರನ ಅಷ್ಟ ಇರು," ಎಂದೆ.

"ಹಂಗಾದ್ರ ಒಂದ್ ವಾರ ಬಿಟ್ಟ್ ಒಂದ್ ವಾರ ಅಷ್ಟ ಏನ್ರಿ?"

"ಇಲ್ಲವಾ. ನೀ ಒಂದ ಕಡೆ ಆಡಿದ್ರ ನಿಮ್ಮ ಮ್ಯಾಚು ಯಾಕ ಮುಂದ ಹೋಗತಾವ? ಅಪ್ಪನ ಕಡೆ ಇದ್ದಾಗ ಮುಂಜಾನಿ ಬಸ್ಸಿಗೆ ಬಾ, ವಾರಾ ವಾರಾ ಆಡತಿ."

ಅವಳು ಬೆರಳು ಮಡಚಿ ಲೆಕ್ಕ ಹಾಕಿದಳು. ಲೆಕ್ಕ ಸರಿಬಂತೇನೋ, ಗಾಡಿಯ ಕಡೆ ಓಡಿದಳು.

ಸಂಜೆ ರಿಜಿಸ್ಟರ್ ತೆಗೆದೆ. ಮೂರನೆಯ ಮುಂದೂಡಿಕೆಯ ಎದುರು ಕಾರಣದ ಜಾಗ ಇನ್ನೂ ಖಾಲಿಯಿತ್ತು. ಅಲ್ಲಿ "ಆಟಗಾರ್ತಿಯ ಕೊರತೆ" ಎಂದು ಬರೆದೆ. ಎರಡು ಪದಗಳನ್ನೂ ಬಿಡಿಬಿಡಿಯಾಗಿ ನೋಡಿದೆ. ಅವು ಸುಳ್ಳಾಗಿರಲಿಲ್ಲ. ಆದರೆ ಅಂಕಪಟ್ಟಿಯಲ್ಲಿ ಕಿತ್ತೂರಿನ ಎದುರು ನಮ್ಮ ಸೋಲು ಹಾಗೆಯೇ ಇತ್ತು.

ಕೌಶಿಕ ಹಿಂದಿನಿಂದ ಬಂದು ಭುಜಕ್ಕೆ ಗದ್ದವೂರಿದ. "ಆಯಿ, ನನ್ನ ಪೆನಾಲ್ಟಿ ಹಿಡದ ಫಿರದೋಸ್ ಇವತ್ತ ಯಾಕ ಬರಲಿಲ್ಲ? ಆ ರಾಮದುರ್ಗದಾಕಿ ಥೇಟ್ ಆಕಿಗತೆನ ಅದಾಳ. ಗ್ಲೌಸೂ ಅವ!"

ಅವನಿಗಾದರೂ ಹೇಳಬೇಕು ಎನ್ನಿಸಿತು. ಆ ರಾತ್ರಿ ಊಟ ಬಿಟ್ಟವನು ಅವನು. ಆದರೆ ಹೇಳಿದರೆ ನಾಳೆ ಶಾಲೆಯಲ್ಲಿ ಅವನ ಗೆಳೆಯರಿಗೆಲ್ಲ ಗೊತ್ತಾಗುತ್ತದೆ.

"ಮುಂದಿನ ಸಲ ಆಕಿ ಎಡಗಡೆ ಹೊಡಿ," ಎಂದೆ. "ಆಕಿ ಎಡಗೈ ಹೆಬ್ಬಟ್ಟಿಗೆ ಟೇಪ್ ಸುತ್ತಿರತಾಳ."

"ಯಾರು, ಫಿರದೋಸೋ, ರಾಮದುರ್ಗದಾಕಿನೋ?"

ರಿಜಿಸ್ಟರ್ ಮುಚ್ಚಿ ಬೀರುವಿನಲ್ಲಿಟ್ಟು ಕೀಲಿ ಹಾಕಿದೆ. ಪಾಂಡುರಂಗ ಸರ್‌ಗೂ ಬೇಡ, ಇವನಿಗೂ ಬೇಡ. ಯಾರಿಗೂ ಹೇಳುವುದಿಲ್ಲ.

"ಕೈ ತೊಳಕೊಂಡ ಬಾ," ಎಂದೆ. "ಊಟಕ್ಕ ಬಡಸತೇನಿ."