ಓದಿದ್ದಕ್ಕೊಂದು ಗುರುತು

ಫೋನು ಮತ್ತೆ ಗುಂಯ್ ಎಂದಿತೋ, ಇಲ್ಲ, ಅದು ಜಾಲಿಯ ಹೂವಿಗೆ ಮುತ್ತಿದ ಜೇನು, ಶಿವನೇ, ನಡೆ ದೇವಕಮ್ಮ ನಡೆ ಎಂದು ತನ್ನನ್ನು ತಾನೇ ದೂಡಿಕೊಳ್ಳುತ್ತ ಆಕೆ ಕಾಲುವೆಯ ಏರಿ ಹಿಡಿದಳು — ಶಹಾಪುರದ ಬಸ್ಸಿಳಿದಾಗ ನಡುಮಧ್ಯಾಹ್ನ, ನೀರು ಬಿಡುವ ಗೇಟು ಇನ್ನೂ ಅರ್ಧ ಮೈಲಿ, ಗೇಟು ಕಾಯುವ ಲಾಡ್ಲೇಸಾಬ ಏಳು ಸಲ ಕರೆದರೂ ಫೋನೆತ್ತಿಲ್ಲ, ಅವನಿಗೇನೂ ಆಗಿರಬಾರದು, ಆಗಿದ್ದರೆ ಅದು ತನ್ನ ಬೆರಳಿನಿಂದಲೇ ಆದದ್ದು. ನೀರು ಬಳಕೆದಾರರ ಸಂಘದಲ್ಲಿ ಹದಿನಾಲ್ಕು ವರ್ಷದ ಗುಮಾಸ್ತೆ, ಅರ್ಜಿ ಓದಿದ ಕೂಡಲೇ ಮೂಲೆಗೊಂದು ಕೆಂಪು ಗೀಟು, ಓದಿದೆ ಎಂದಷ್ಟೇ, ಒಪ್ಪಿದೆ ಎಂದಲ್ಲ, ಅಕ್ಕೋರ ಈ ಫೇಸ್‌ಬುಕ್ ಪುಟಾನೂ ನೀವಽ ನೋಡ್ಕೋರಿ, ಹೊಲಸು ಮಾತು ಬಂದ್ರ ಅಳಿಸಿಬಿಡ್ರಿ ಎಂದು ಅಧ್ಯಕ್ಷರು ಒಪ್ಪಿಸಿದ ಮೇಲೆ ಅಲ್ಲಿಯೂ ಅದೇ ರೂಢಿ, ಬಂದ ಕಮೆಂಟಿಗೆಲ್ಲ ಮೊದಲೊಂದು ಲೈಕು, ಸಂಘದ ಹೆಸರಿನಲ್ಲಿ ಹೆಬ್ಬೆರಳಿನ ಗುರುತು, ಅಳಿಸುವುದು ಆಮೇಲೆ, ಕೂತು, ಒಂದೊಂದಾಗಿ. ಇವತ್ತು ಬೆಳಿಗ್ಗೆ ಕಾಲುವೆಯ ಕೊನೆಗೆ ಗದ್ದೆಯಿರುವ ತಿಮ್ಮಣ್ಣ ಬರೆದಿದ್ದ, ನಮ್ಮ ನೆಲ್ಲು ಒಣಗಾಕತ್ತದ, ಲಾಡ್ಲೇಸಾಬ ಬೇಕಂತಲೇ ಗೇಟ್ ಹಾಕ್ಯಾನ, ಅವನ್ನ ಎತ್ತಿ ಕೆನಾಲಿಗೆ ಒಗೀರಿ. ಓದಿದಳು, ಒತ್ತಿದಳು, ಎದ್ದಳು — ಎದ್ದದ್ದಾದರೂ ಯಾತಕ್ಕೆ, ಅಕ್ಕಾ ಸರಪಳಿ ಹರದದ, ಗೇಟ್ ಏಳವಲ್ದು, ಮೇಸ್ತ್ರಿನ ಕಳಸ್ರಿ ಎಂದು ಅದೇ ಲಾಡ್ಲೇಸಾಬ ನಸುಕಿನಲ್ಲೇ ಹೇಳಿದ್ದಕ್ಕೆ, ಮೇಸ್ತ್ರಿಯನ್ನು ಹುಡುಕುವುದರಲ್ಲಿ ಎರಡು ತಾಸು ಹೋಯಿತು, ತಿರುಗಿ ಬಂದು ಪುಟ ನೋಡಿದರೆ ತಿಮ್ಮಣ್ಣನ ಮಾತಿನ ಕೆಳಗೆ ಇನ್ನೂರು ಮಂದಿ, ಸಂಘಽ ಹೂಂ ಅಂದದ ಇನ್ಯಾರ ಅಪ್ಪಣಿ ಬೇಕ್ರೋ, ಲಾಡ್ಲೇಗ ಇವತ್ತ ಜಳಕ, ಸಾಬೂನು ನಾ ತರ್ತೀನಿ, ಗಾಡಿ ತಗೀರಿ ನಡೀರಿ, ನಗುವ ಮುಖಗಳು, ಸಾಲುಸಾಲು ನಗುವ ಮುಖಗಳು. ಎಲ್ಲವನ್ನೂ ಅಳಿಸಿದಳು, ಆದರೆ ಆ ಮಾತಿನ ಫೋಟೋ, ಕೆಳಗೆ ಸಂಘದ ಹೆಬ್ಬೆರಳು, ಅಷ್ಟರಲ್ಲೇ ಊರೂರಿನ ವಾಟ್ಸಾಪ್ ಗುಂಪಿಗೆ ಹೋಗಿಬಿಟ್ಟಿತ್ತು, ಸರಪಳಿ ಹರಿದಿದೆ, ಲಾಡ್ಲೇಸಾಬರದೇನೂ ತಪ್ಪಿಲ್ಲ ಎಂದು ಬರೆದರೆ ಯಾರೋ, ಈಗ್ಯಾಕ ಮಾತು ತಿರುವತೀರಿ ಅಕ್ಕೋರ, ಮತ್ತೆ ಅದೇ ನಗು. ಚಿಕ್ಕಂದಿನಲ್ಲಿ ಈ ಕಾಲುವೆಗೆ ಮೊದಲ ಸಲ ನೀರು ಬಿಟ್ಟಾಗ ಅವ್ವ ಅರಿಷಿಣ ಕುಂಕುಮ ತೇಲಿಬಿಟ್ಟು, ಬಗ್ಗಿ ನೋಡಬ್ಯಾಡ ಮಗಳ, ಬಾಳ ಆಳ ಅದ ಎಂದು ಲಂಗದ ತುದಿ ಹಿಡಿದಿದ್ದಳು, ಈಗ ದೇವಕಮ್ಮ ಬಗ್ಗಿ ಬಗ್ಗಿ ನೋಡುತ್ತಾಳೆ, ತೇಲುವುದೆಲ್ಲ ಅಂಗಿಯಂತೆ, ಅದು ಬಾಳೆಎಲೆ, ಅದು ಗೊಬ್ಬರದ ಚೀಲ, ಶರಣು, ಶರಣು.

ಅಗೋ, ಗೇಟಿನ ಕಟ್ಟೆಯ ಮೇಲೆ ನಿಂತಿದ್ದಾನೆ, ಇದ್ದಾನೆ, ಜೀವಂತ ಇದ್ದಾನೆ, ದೇವರು ದೊಡ್ಡವನು, ದೇವಕಮ್ಮ ಫೋನು ಹಿಡಿದ ಕೈಯನ್ನೇ ಎತ್ತಿ ಬೀಸಿದಳು, ಅವನು ಆ ಫೋನು ನೋಡಿದ, ಅವಳ ಬೆನ್ನ ಹಿಂದೆ ನೋಡಿದ, ಹಿಂದೆ ಏರಿಯ ಮೇಲೆ ಮೋಟರ್‌ಸೈಕಲ್ಲುಗಳ ಸದ್ದು, ಎಷ್ಟೋ, ನಾನು ಅವರ ಕೂಡ ಬಂದಿಲ್ಲೋ ಎನ್ನಬೇಕು, ಅಷ್ಟರಲ್ಲಿ ಅವನು ಹಿಂದಕ್ಕೊಂದು ಹೆಜ್ಜೆ ಇಟ್ಟ, ನೀರಿನ ಕಡೆಗೆ, ಮೇಡಂ, ನಸುಕಿನಲ್ಲಿ ಅಕ್ಕಾ ಎಂದವನು ಈಗ ಮೇಡಂ, ನನಗ ಈಜು ಬರಾಂಗಿಲ್ರಿ ಎಂದು ಕೈ ಮುಗಿದ, ಗ್ರೀಸು ಮೆತ್ತಿದ ಕೈ, ಸರಪಳಿ ಕೂಡಿಸಲು ಹೋಗಿ ಬೆರಳ ಗೆಣ್ಣೆಲ್ಲ ತರಚಿವೆ, ತಿರುಗಿ ನಿಲ್ಲಬೇಕು, ಏರಿಗೆ ಅಡ್ಡ ನಿಲ್ಲಬೇಕು, ಸದ್ದು ಹತ್ತಿರವಾಯಿತು, ಆ ಕೈ, ತನಗೇ ಮುಗಿದದ್ದು, ತನಗೆ ಅಂಜಿ, ಕರ್ರಗೆ, ಆ ಎರಡು ಕೈ —