ಎರಡು ಬೆರಳಿನ ಅಂಚು

ಫಾರ್ಮಿನಲ್ಲಿ ಭರ್ತಿ ಮಾಡಲು ಒಂದೇ ಗೆರೆ ಇತ್ತು: ಮುಂದಿನ ಮೂರು ವರ್ಷ ಯಾವ ವಿಭಾಗ. ಅದರ ಕೆಳಗೆ ಆ ವಿಭಾಗದ ಮೇಷ್ಟ್ರ ಸಹಿಗೆ ಜಾಗ. ನಾನೇನು ಬರೆಯುತ್ತೇನೆ ಎಂಬುದು ನನ್ನೊಬ್ಬಳನ್ನು ಬಿಟ್ಟು ಉಳಿದೆಲ್ಲರಿಗೂ ಗೊತ್ತಿತ್ತು.

ಕಲಾಶಾಲೆಯ ಮೊದಲ ವರ್ಷ ಎಲ್ಲರೂ ಎಲ್ಲ ವಿಭಾಗಗಳಲ್ಲೂ ಆರಾರು ವಾರ ಕೂರಬೇಕು. ರೇಖಾಚಿತ್ರದ ತರಗತಿಯಲ್ಲಿ ಎದುರು ಕೂತ ಮುದುಕನ ಮುಖಕ್ಕಿಂತ ಅವನ ಅಂಗಿಯ ಭುಜ ಜಾರಿರುವುದೇ ನನ್ನ ಕಣ್ಣಿಗೆ ಬೀಳುತ್ತಿತ್ತು. ಮುದ್ರಣದಲ್ಲಿ ಮರದ ಹಲಗೆ ಕೆತ್ತುವಾಗ ಸುತ್ತ ಎರಡು ಬೆರಳು ಬಿಟ್ಟೇ ಶುರುಮಾಡುತ್ತಿದ್ದೆ. ಹೊಲಿಗೆಗೆಂದು ಬಟ್ಟೆಯ ಅಂಚು ಬಿಟ್ಟ ಹಾಗೆ. ಕುಂಬಾರಿಕೆಯಲ್ಲಿ ಲಟ್ಟಿಸಿದ ಮಣ್ಣನ್ನು ಕತ್ತರಿಸುವ ಮೊದಲು ಉಗುರಿನಿಂದ ಗೀರಿ ಗುರುತು ಹಾಕುತ್ತಿದ್ದೆ. ಅಮ್ಮ ಟೈಲರ್ ಎಂದು ನಾನು ಯಾರಿಗೂ ಹೇಳಿರಲಿಲ್ಲ. ಕೈ ಹೇಳಿಬಿಟ್ಟಿತು. ನಾಲ್ಕನೇ ತಿಂಗಳಿಗೆ ನಾನು ಎಲ್ಲರ ಬಾಯಲ್ಲೂ ಟೈಲರಮ್ಮ. ಗುಂಡಿ ಕಿತ್ತುಹೋದವರೆಲ್ಲ ನನ್ನ ಹತ್ತಿರವೇ ಬರುತ್ತಿದ್ದರು. ಹಲ್ಲು ಕಚ್ಚಿಕೊಂಡು ಹಾಕಿಕೊಡುತ್ತಿದ್ದೆ.

ಬಟ್ಟೆ ವಿಭಾಗದ ಮೇಡಂ ನನ್ನ ಹೊಲಿಗೆಯನ್ನು ತಿರುಗಿಸಿ, ಒಳಮಗ್ಗುಲು ನೋಡಿ, ಮೊದಲ ದಿನವೇ "ನೀನು ನಮ್ಮವಳು" ಎಂದರು. ಪ್ರೀತಿಯಿಂದಲೇ ಅಂದದ್ದು. ನನಗೆ ಮಾತ್ರ ಹೊರಗಿನಿಂದ ಚಿಲಕ ಹಾಕಿದ ಹಾಗೆ ಕೇಳಿಸಿತು.

ಕೊನೆಯ ಸರದಿ ಶಿಲ್ಪದ್ದು. ಕಟ್ಟಡದ ಹಿಂದೊಂದು ಶೆಡ್ಡು, ಒಳಗೆ ಸಿಮೆಂಟಿನ ತೊಟ್ಟಿ, ಪ್ಲಾಸ್ಟರಿನ ಚೀಲಗಳು, ಎಲ್ಲದರ ಮೇಲೂ ಬಿಳಿ ಪುಡಿ. ನಾನು ಹೊಲಿಗೆ ಯಂತ್ರದ ಸದ್ದಿನಲ್ಲೇ ಬೆಳೆದವಳು. ಓದು, ಊಟ, ಮಧ್ಯಾಹ್ನದ ನಿದ್ದೆ, ಎಲ್ಲದರ ಹಿಂದೆಯೂ ಆ ಕಟಕಟ ಇರುತ್ತಿತ್ತು. ಪ್ಲಾಸ್ಟರ್ ಗಟ್ಟಿಯಾಗುವಾಗ ಯಾರೂ ಏನೂ ಮಾಡುವಂತಿಲ್ಲ. ಕಾಯಬೇಕು ಅಷ್ಟೆ. ಒಳಗೊಳಗೇ ಬಿಸಿಯಾಗುವ ಅಚ್ಚಿನ ಮೇಲೆ ಅಂಗೈ ಇಟ್ಟುಕೊಂಡು ಹತ್ತು ಜನ ಮಾತಿಲ್ಲದೆ ನಿಂತಿರುತ್ತಿದ್ದೆವು. ನನಗೆ ಬೇಕಾದದ್ದು ಅದು. ಫಾರ್ಮಿನಲ್ಲಿ ಪೆನ್ನಿನಿಂದಲೇ 'ಶಿಲ್ಪ' ಎಂದು ಬರೆದೆ.

ಶಿಲ್ಪದ ಮೇಷ್ಟ್ರು ಅದನ್ನು ಓದಿ, ಫಾರ್ಮನ್ನು ಮೇಜಿನ ಮೇಲೆ ಮಗುಚಿಟ್ಟರು. ಕೊನೆಯ ಕೆಲಸವಾಗಿ ಎಲ್ಲರೂ ಒಂದು ಕೈಯ ಎರಕ ಮಾಡಬೇಕಿತ್ತು. ಅದನ್ನು ನೋಡಿದ ಮೇಲೆ ಸಹಿಯ ಮಾತು ಎಂದರು.

ನಾನು ಅಮ್ಮನ ಬಲಗೈ ಆರಿಸಿಕೊಂಡೆ. ಮನೆಯಲ್ಲೇ ಎಣ್ಣೆ ಸವರಿ, ಪ್ಲಾಸ್ಟರಿನಲ್ಲಿ ಅದ್ದಿದ ಬಟ್ಟೆಯ ಪಟ್ಟಿಗಳನ್ನು ಮೊದಲು ಕೈಯ ಮೇಲ್ಭಾಗಕ್ಕೆ, ಆಮೇಲೆ ಕೆಳಭಾಗಕ್ಕೆ ಹಚ್ಚಿದೆ. ಕತ್ತರಿ ಹಿಡಿದು ಹಿಡಿದು ಹೆಬ್ಬೆರಳಿನ ಬುಡ ಗಂಟುಕಟ್ಟಿತ್ತು. ಆ ಕೈ ಅಷ್ಟು ಹೊತ್ತು ಸುಮ್ಮನಿದ್ದುದನ್ನು ನಾನು ಕಂಡದ್ದು ಅದೇ ಮೊದಲು.

"ಇಷ್ಟು ಹೊತ್ತಿಗೆ ರವಿಕೆಗೆ ಎರಡು ತೋಳು ಕೂರಿಸ್ತಿದ್ದೆ," ಎಂದಳು ಅಮ್ಮ. ಸ್ವಲ್ಪ ಹೊತ್ತು ಬಿಟ್ಟು, "ಮೂಗು ಕೆರೀತಿದೆ ಕಣೇ."

ನಾನೇ ಕೆರೆದೆ.

ತಪ್ಪಾದದ್ದು ಮರುದಿನ ಶೆಡ್ಡಿನಲ್ಲಿ. ಅಚ್ಚಿನ ಎರಡೂ ಅರ್ಧಗಳಿಗೆ ಎರಡೆರಡು ಬೆರಳು ಬಟ್ಟೆಯ ತೆಳು ಅಂಚು ಬಿಟ್ಟಿದ್ದೆ. ಅಂಚಿಗೆ ಅಂಚು ಒತ್ತಿ ತಂತಿಯಿಂದ ಬಿಗಿಯಾಗಿ ಕಟ್ಟಬೇಕು. ನನ್ನ ಕೈ ತಂತಿಯನ್ನು ಹುಡುಕಲೇ ಇಲ್ಲ. ದಪ್ಪ ಸೂಜಿ ತೆಗೆದು, ಸುತ್ತ ಕಚ್ಚಾ ಹೊಲಿಗೆ ಹಾಕಿಬಿಟ್ಟೆ. ಅಳತೆ ನೋಡುವ ಮೊದಲು ಅಮ್ಮ ಹಾಕುವಂಥ ಸಡಿಲ ಹೊಲಿಗೆ. ಒಳಗೆ ಹೊಯ್ದ ಪ್ಲಾಸ್ಟರ್ ಅಂಚುಗಳ ನಡುವೆ ನುಗ್ಗಿ ಅಲ್ಲೇ ಕಲ್ಲಾಯಿತು. ಅಚ್ಚು ಬಿಚ್ಚಿದಾಗ ಅಮ್ಮನ ಕೈ ಸರಿಯಾಗಿಯೇ ಬಂದಿತ್ತು. ಅದರ ಸುತ್ತ ಎರಡು ಬೆರಳಗಲದ ತೆಳು ಬಿಳಿ ಅಂಚು ಎದ್ದು ನಿಂತಿತ್ತು, ಮಧ್ಯೆ ಮಧ್ಯೆ ದಾರದ ತುಂಡುಗಳು ಸಿಕ್ಕಿಕೊಂಡು.

"ಟೈಲರಮ್ಮ, ಕೈಗೂ ಫ್ರಿಲ್ ಇಟ್ಟಿದ್ದೀಯಲ್ಲೇ," ಎಂದು ಯಾರೋ ಅಂದರು. ಶೆಡ್ಡು ನಕ್ಕಿತು.

ಮೇಷ್ಟ್ರು ನಗಲಿಲ್ಲ. ಒಂದು ಅರ ತಂದು ನನ್ನ ಕೈಗಿಟ್ಟರು. "ಸೋಮವಾರದೊಳಗೆ ಈ ಅಂಚನ್ನ ಉಜ್ಜಿ ತೆಗಿ. ಸಹಿ ಹಾಕ್ತೀನಿ. ಆಗಲ್ಲ ಅಂದ್ರೆ ಬಟ್ಟೆಗೆ ಹೋಗು, ಅಲ್ಲಿ ಹೊಲಿಗೆ ತಪ್ಪಲ್ಲ."

ಭಾನುವಾರ ಬೆಳಿಗ್ಗೆ ಮನೆಯಲ್ಲಿ ನೆಲಕ್ಕೆ ಪೇಪರ್ ಹಾಸಿ ಕೂತೆ. ಕಿರುಬೆರಳಿನ ಪಕ್ಕ ನಾಲ್ಕು ಸಲ ಉಜ್ಜಿದೆ. ಬಿಳಿ ಪುಡಿ ಉದುರಿತು, ಅರದ ಹಲ್ಲಿಗೆ ದಾರದ ತುದಿ ಸಿಕ್ಕಿತು. ಅಮ್ಮ ಯಂತ್ರದ ಮುಂದಿನಿಂದಲೇ ಇದೇನೆಂದು ಕೇಳಿದಳು. ಎಲ್ಲ ಹೇಳಿದೆ.

"ಬಟ್ಟೆಗೇ ಸೇರ್ಕೊಂಡಿದ್ರೆ ನಾನೂ ನಾಲ್ಕು ವಿಷಯ ಹೇಳಿಕೊಡ್ತಿದ್ದೆ," ಎಂದಳು. ಮುಖ ಸೂಜಿಯ ಕಡೆಗೇ ಇತ್ತು.

"ಅದಕ್ಕೇ ಬೇಡಮ್ಮ."

ಯಂತ್ರ ನಿಂತಿತು. ಆ ಮನೆಯಲ್ಲಿ ಅಂಥ ಮೌನವನ್ನು ನಾನು ಕೇಳಿರಲಿಲ್ಲ. ಶೆಡ್ಡಿನ ಮೌನದ ಹಾಗಿರಲಿಲ್ಲ ಅದು. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬಹುದಿತ್ತು. ತೆಗೆದುಕೊಳ್ಳಲಿಲ್ಲ.

ಅಮ್ಮ ಎದ್ದು ಬಂದು, ಪ್ಲಾಸ್ಟರಿನ ತನ್ನ ಕೈಯನ್ನು ತಿರುಗಿಸಿ ನೋಡಿದಳು. ಉಜ್ಜಿದ ಜಾಗದ ಮೇಲೆ ಬೆರಳಾಡಿಸಿದಳು.

"ಮತ್ತೆ ಇದನ್ನ ಯಾಕೆ ಉಜ್ತಾ ಇದೀಯ? ನಾನು ಹೇಳಿದ್ರೆ ಉಹೂಂ, ನಿಮ್ಮ ಮೇಷ್ಟ್ರು ಹೇಳಿದ್ರೆ ಹೂಂ?"

ನನ್ನ ಉತ್ತರಕ್ಕೆ ಕಾಯದೆ ಹೋಗಿ ಪೆಡಲ್ ತುಳಿದಳು.

ಸೋಮವಾರ ಮೇಷ್ಟ್ರ ಮೇಜಿನ ಮೇಲೆ ಮೊದಲು ಅರ ಇಟ್ಟೆ, ಪಕ್ಕದಲ್ಲಿ ಅಂಚು ಹಾಗೇ ಉಳಿದ ಕೈ ಇಟ್ಟೆ. ಎರಡನ್ನೂ ನೋಡಿ, ಇದು ತಪ್ಪು ಅಂತ ಗೊತ್ತಿದೆಯಲ್ಲ ಎಂದು ಕೇಳಿದರು.

"ಗೊತ್ತು ಸಾರ್. ಆದ್ರೆ ನನ್ನ ತಪ್ಪು. ಉಜ್ಜಿದ್ರೆ ಬೇರೆ ಯಾರೋ ಮಾಡಿದ ಕೈ ಆಗುತ್ತೆ."

"ಸಹಿ ಹಾಕಲ್ಲ ನಾನು."

"ಹಾಕ್ಬೇಡಿ. ಫಾರ್ಮಲ್ಲಿ ಬರೆದಿದ್ದನ್ನ ನಾನೂ ಅಳಿಸಲ್ಲ. ಮುಂದಿನ ವರ್ಷ ಬಂದು ಇದನ್ನೇ ಬರೀತೀನಿ."

ಶೆಡ್ಡಿನ ಮೂಲೆಯಲ್ಲಿ ಅಚ್ಚಿನ ಎರಡು ಅರ್ಧಗಳು ಹಾಗೇ ಬಿದ್ದಿದ್ದವು. ತಂದು ಎಣ್ಣೆ ಸವರಿದೆ, ಅಂಚಿಗೆ ಅಂಚು ಕೂರಿಸಿದೆ, ಸೂಜಿಗೆ ದಾರ ಪೋಣಿಸಿದೆ. ಈ ಸಲ ಕೈ ತಾನಾಗಿ ಹೊಲಿಯಲಿಲ್ಲ. ನಾನು ಹೊಲಿದೆ. ಹೆಬ್ಬೆರಳಿನ ಸುತ್ತ ಒತ್ತೊತ್ತಾಗಿ, ಉಳಿದ ಕಡೆ ಸಡಿಲವಾಗಿ.

ಬೆನ್ನ ಹಿಂದೆ ಮೇಷ್ಟ್ರು ಬಂದು ನಿಂತದ್ದು ಚಪ್ಪಲಿಯ ಸದ್ದಿನಿಂದ ತಿಳಿಯಿತು.

"ಹೆಬ್ಬೆರಳ ಹತ್ರ ಯಾಕೆ ಬಿಗಿ?"

"ಅಲ್ಲಿ ಕತ್ತರಿಯ ಗಂಟಿದೆ, ಸೋರಿ ಅದು ಮುಚ್ಚೋದು ಬೇಡ ಸಾರ್. ಬೇರೆ ಕಡೆ ಅಂಚು ಬೇಕು."

ಅವರು ಅಲ್ಲೇ ಬಾಗಿ ಹೊಲಿಗೆಯನ್ನು ನೋಡುತ್ತಿದ್ದರು. ಮೇಜಿನ ಮೇಲೆ ಫಾರ್ಮು ಮಗುಚಿಕೊಂಡೇ ಇತ್ತು. ನಾನು ಗಂಟು ಹಾಕಿ, ದಾರವನ್ನು ಹಲ್ಲಿನಲ್ಲಿ ಕಡಿದು, ಪ್ಲಾಸ್ಟರ್ ಕಲಸಲು ಎದ್ದೆ.